ಲಜ್ಜೆಯೂ ಚಿಕಿತ್ಸೆಯೂ

ಲಜ್ಜೆಯ ಮಹತ್ವವನ್ನು ನಾವು ಮದ್ರಸದ ಮಕ್ಕಳಿಗೆ ಇಪ್ಪತ್ತು ವರ್ಷಗಳಿಂದ ಬೋಧಿಸುತ್ತ ಬಂದಿದ್ದೇವೆ. ಅದೇ ಲಜ್ಜೆಯ ಹೆಸರಿನಲ್ಲಿ ನಮ್ಮ ದೇಹಕ್ಕೆ ನಾವೇ ಅನ್ಯಾಯ ಮಾಡಿಕೊಂಡೆವೆಂಬುದು ತಡವಾಗಿ ಅರಿವಾಯಿತು.

ಒಂಬತ್ತು ವರ್ಷಗಳ ಹಿಂದೆ ಬಲ ತೊಡೆಸಂದಿನ ಹರ್ನಿಯಾಕ್ಕೆ ತೆರೆದ ಶಸ್ತ್ರಚಿಕಿತ್ಸೆಯಾಗಿ ಬಲೆ ಹಾಕಲಾಗಿತ್ತು. ಎರಡು ವರ್ಷಗಳ ಹಿಂದೆ ಅದೇ ಜಾಗದಲ್ಲಿ ಮತ್ತೆ ಉಬ್ಬು ಕಾಣಿಸಿತು. ಯಾರಿಗೂ ಹೇಳಲಿಲ್ಲ. ಸುಜೂದ್‌ನಿಂದ ಏಳುವಾಗ ಅದು ಇಳಿಯುತ್ತಿತ್ತು, ಮಲಗಿದರೆ ಒಳಸೇರುತ್ತಿತ್ತು. ಕ್ರಮೇಣ ವೃಷಣಚೀಲದವರೆಗೂ ಇಳಿಯಿತು. ಕಳೆದ ರಮಝಾನಿನ ಒಂದು ರಾತ್ರಿ ತರಾವೀಹ್ ಮುಗಿಸಿ ಬಂದು ಮಲಗಿದರೂ ಅದು ಒಳಹೋಗಲಿಲ್ಲ. ಒಂದು ಗಂಟೆ ಕಾಲ ನೋವಿನಿಂದ ಹೊರಳಾಡಿದ ಬಳಿಕ ಹೇಗೋ ಸರಿಯಿತು. ಆಗ ಪತ್ನಿ ಕಣ್ಣೀರಿಡುತ್ತ ಕೇಳಿದ್ದು ಒಂದೇ ಮಾತು: “ಮಕ್ಕಳಿಗಿಂತ ನಿಮ್ಮ ನಾಚಿಕೆ ದೊಡ್ಡದೇ?”

ಮರುದಿನವೇ ಶಸ್ತ್ರವೈದ್ಯರನ್ನು ಕಂಡೆವು. ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯತೊಡಗಿ ಪ್ರಾಣಾಪಾಯವಾಗುವುದೆಂದು ಅವರು ತಿಳಿಸಿದರು. ಹಳೆಯ ಗಾಯದ ಮೂಲಕವೇ ಮತ್ತೆ ಹೋಗುವುದು ಕಷ್ಟ. ಅಲ್ಲಿ ಅಂಗಾಂಶಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ನರಗಳಿಗೂ ವೃಷಣದ ರಕ್ತನಾಳಗಳಿಗೂ ಪೆಟ್ಟಾಗಬಹುದು. ಆದ್ದರಿಂದ ಮುಂದಿನ ದಾರಿ ಸೋತಾಗ ಹಿಂದಿನ ದಾರಿ, ಅಂದರೆ ಹೊಟ್ಟೆಗೋಡೆಯ ಒಳಮೈ ಕಡೆಯಿಂದ ಸಾಗುವುದು ಲೇಸು. ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ, ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಇಳಿದ ಚೀಲವನ್ನು ಬಿಡಿಸಿ ಒಳಗೆಳೆದು, ಸುಮಾರು 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಬಲೆಯನ್ನು ಹಾಸುತ್ತಾರೆ. ಹೊಟ್ಟೆಯೊಳಗಿನ ಒತ್ತಡವೇ ಬಲೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಉದರದೊಳಗೆ ಪ್ರವೇಶಿಸಿ ಮಾಡುವ ವಿಧಾನ ‘ಟ್ಯಾಪ್’, ಪ್ರವೇಶಿಸದೆ ಗೋಡೆಯ ಪದರಗಳ ನಡುವೆಯೇ ಮಾಡುವುದು ‘ಟೆಪ್’. ನಮಗೆ ಮಾಡಿದ್ದು ಮೊದಲನೆಯದು. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ಚೆನ್ನಾಗಿ ಪಳಗಿದ ಕೈ ಬೇಕು. ಒಳಗೆ ತೊಡಕು ಕಂಡರೆ ತೆರೆದ ವಿಧಾನಕ್ಕೆ ಮರಳಬೇಕಾದೀತೆಂದೂ ವೈದ್ಯರು ಮೊದಲೇ ಹೇಳಿದ್ದರು. ಅಲ್ಲಾಹನ ಕೃಪೆಯಿಂದ ಹಾಗಾಗಲಿಲ್ಲ.

ಸಾವಿರ ವರ್ಷಗಳ ಹಿಂದೆ ಅಂದಲೂಸಿನ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ತಮ್ಮ ‘ಅತ್ತಸ್ರೀಫ್’ ಗ್ರಂಥದ ಶಸ್ತ್ರಚಿಕಿತ್ಸಾ ಭಾಗದಲ್ಲಿ ಈ ರೋಗದ ಕುರಿತು ಸಂಕೋಚವಿಲ್ಲದೆ ಬರೆದರು. ನಾವಾದರೋ ವೈದ್ಯರ ಮುಂದೆ ಅದರ ಹೆಸರೆತ್ತಲೂ ನಾಚಿದೆವು. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಆದೇಶಿಸಿರುವಾಗ, ವೈದ್ಯರಿಂದ ರೋಗವನ್ನು ಮರೆಮಾಚುವುದು ಲಜ್ಜೆಯಲ್ಲ, ಅಲ್ಲಾಹನು ವಹಿಸಿದ ದೇಹವೆಂಬ ಅಮಾನತ್ತಿನ ಬಗೆಗಿನ ಅಸಡ್ಡೆ.

ಮರುದಿನವೇ ನಡೆದಾಡಿದೆವು. ಕೆಲವು ದಿನ ಕುರ್ಚಿಯಲ್ಲಿ ಕುಳಿತು ನಮಾಝ್ ನಿರ್ವಹಿಸಿದೆವು. ರೋಗಿಗೆ ಶರೀಅತ್ ನೀಡಿದ ಆ ರಿಯಾಯಿತಿಯ ಬೆಲೆ ಆಗ ತಿಳಿಯಿತು. ಚೇತರಿಸಿಕೊಂಡ ಮೇಲೆ ಒಂದು ಶುಕ್ರವಾರ ಮಸೀದಿಯ ಅಂಗಳದಲ್ಲಿ ನಾಲ್ಕಾರು ಜನರಿಗೆ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆವು. ಎಲ್ಲರೂ ಚದುರಿದ ಬಳಿಕ ಹಿರಿಯರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ನುಡಿದರು: “ಉಸ್ತಾದರೇ, ನನಗೂ ಇದೆ. ಆರು ವರ್ಷವಾಯಿತು.” ಮುಂದಿನ ಸೋಮವಾರ ಅವರೊಡನೆ ಆಸ್ಪತ್ರೆಯ ಸಾಲಿನಲ್ಲಿ ನಾವೂ ಕುಳಿತಿದ್ದೆವು.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.