ಮೂರು ಮೂಲೆಯ ಕಡ್ಡಿ

ನಮ್ಮ ಹಿತ್ತಿಲಲ್ಲಿ ಬಚ್ಚಲ ನೀರು ಬಂದು ನಿಲ್ಲುವ ಒಂದು ಮೂಲೆಯಿದೆ. ಅಲ್ಲಿಟ್ಟ ದಾಸವಾಳದ ಬುಡ ಕೊಳೆಯಿತು, ಗುಲಾಬಿ ಒಂದು ತಿಂಗಳೂ ಬಾಳಲಿಲ್ಲ. ಕಡೆಗೆ ನರ್ಸರಿಯವರು ‘ಅಂಬ್ರೆಲಾ ಪಾಮ್’ ಎಂದು ಕೊಟ್ಟ ಗಿಡವನ್ನು ತಂದು ಊರಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಎದೆಮಟ್ಟ ಬೆಳೆದು, ಮೂಲೆ ತುಂಬ ಹಸಿರು ಕೊಡೆ ಬಿಚ್ಚಿ ನಿಂತಿತು.

ಊರಿಂದ ಬಂದ ಅಮ್ಮ ಆ ಕೊಡೆಗಳನ್ನು ನೋಡಲೇ ಇಲ್ಲ. ಒಂದು ಕಡ್ಡಿಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿದಳು. “ಇದು ಜೇಕಿನ ಜಾತಿ ಕಣೋ. ಗದ್ದೇಲಿ ಇದರ ಬಳಗಾನ ಕಿತ್ತೂ ಕಿತ್ತೂ ನನ್ನ ಬೆನ್ನು ಹೋಯ್ತು.”

ಅಮ್ಮನ ಬೆರಳು ಹೇಳಿದ್ದು ನಿಜ. ಇದಕ್ಕೂ ತಾಳೆ ಮರಕ್ಕೂ ಯಾವ ನಂಟೂ ಇಲ್ಲ. ಇದು ಆಫ್ರಿಕಾದ ತೊರೆದಂಡೆಗಳಿಂದ ಬಂದ ಜೇಕು. ಜೇಕಿನ ಕುಟುಂಬದಲ್ಲಿ ಸುಮಾರು 5,500 ಜಾತಿಗಳಿವೆ. ಎಲ್ಲವನ್ನೂ ನಾವು ಹುಲ್ಲೆಂದೇ ಕರೆಯುತ್ತೇವೆ. ಆದರೆ ಹುಲ್ಲಿನ ದಂಟು ಸಾಮಾನ್ಯವಾಗಿ ಉರುಟು, ಒಳಗೆ ಟೊಳ್ಳು, ನಡುನಡುವೆ ಗಿಣ್ಣು. ಜೇಕಿನ ಕಡ್ಡಿ ಬಹುಮಟ್ಟಿಗೆ ಮೂರು ಮೂಲೆಯದು, ಒಳಗೆ ಬೆಂಡು ತುಂಬಿರುತ್ತದೆ. ಈ ಕೊಡೆಗಿಡದ ಕಡ್ಡಿ ಬುಡದಲ್ಲಿ ಉರುಟೆನಿಸಿದರೂ ಮೇಲಕ್ಕೆ ಸವರುತ್ತ ಹೋದರೆ ಮೊಂಡು ಮೂಲೆಗಳು ಬೆರಳಿಗೆ ಸಿಗುತ್ತವೆ. ನಾನು ಎರಡು ವರ್ಷ ದಿನಾ ನೋಡಿದ್ದೆ, ಮುಟ್ಟಿ ನೋಡಿರಲಿಲ್ಲ.

ಅಮ್ಮನ ಬೆನ್ನು ಮುರಿದ ಬಳಗದಲ್ಲಿ ಕೊನ್ನಾರಿಯದೇ ದೊಡ್ಡ ಹೆಸರು. ಎಳೆದರೆ ಮೇಲಿನ ಗರಿಯಷ್ಟೇ ಕೈಗೆ ಬರುತ್ತದೆ. ಗೆಡ್ಡೆಗಳು ತಂತಿಯಂಥ ಬೇರಿಗೆ ಪೋಣಿಸಿದ ಮಣಿಗಳ ಹಾಗೆ ಮಣ್ಣೊಳಗೇ ಉಳಿದು ಮತ್ತೆ ಚಿಗುರುತ್ತವೆ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಪುಸ್ತಕ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಆಯುರ್ವೇದದ ಮುಸ್ತವೂ ಇದೇ. ಜ್ವರಕ್ಕೆ ಕುದಿಸಿ ಕುಡಿಸುವ ಷಡಂಗ ಪಾನೀಯಕ್ಕೆ ಇದರ ಗೆಡ್ಡೆ ಬೇಕು. ನೈಲ್ ನದಿಯ ದಂಡೆಯ ಪಪೈರಸ್ ಕೂಡ ಜೇಕೇ. ಈಜಿಪ್ಟಿನವರು ಅದರ ಬೆಂಡನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಂದರ ಮೇಲೊಂದು ಅಡ್ಡಡ್ಡ ಹಾಸಿ, ಒತ್ತಿ ಒಣಗಿಸಿ ಬರೆಯುವ ಹಾಳೆ ಮಾಡಿಕೊಂಡರು. ಅದು ಆಳೆರಡು ಎತ್ತರ ಬೆಳೆಯುವ ಗಿಡ, ನಮ್ಮ ಹಿತ್ತಿಲಿಗೆ ಆಗದು. ಅದರ ಗಿಡ್ಡ ಬಂಧುವೊಂದನ್ನು ತೊಟ್ಟಿಯಲ್ಲಿ ಇಟ್ಟಿದ್ದೇನೆ. ನೀರಿಗೆ ನಾಲ್ಕು ಗಪ್ಪಿ ಮೀನು ಬಿಟ್ಟಿರುವುದರಿಂದ ಸೊಳ್ಳೆಮರಿಗಳ ಕಾಟವಿಲ್ಲ.

ಕೊಡೆಗಿಡವನ್ನು ಹೆಚ್ಚಿಸುವ ಬಗೆಯಂತೂ ನೋಡಲೇಬೇಕಾದದ್ದು. ಒಂದು ಕೊಡೆಯನ್ನು ಎರಡು ಬೆರಳಷ್ಟು ಕಡ್ಡಿಯ ಸಮೇತ ಕತ್ತರಿಸಿ, ಎಸಳುಗಳನ್ನು ಅರ್ಧಕ್ಕೆ ಸವರಿ, ನೀರಿನಲ್ಲಿ ತಲೆಕೆಳಗಾಗಿ ತೇಲಿಬಿಡಬೇಕು. ಕಡ್ಡಿ ಆಕಾಶ ನೋಡುತ್ತಿರುತ್ತದೆ. ಎರಡು ಮೂರು ವಾರಕ್ಕೆ ಎಸಳುಗಳ ಕಂಕುಳಿಂದ ಬಿಳಿ ಬೇರುಗಳು ಕೆಳಗಿಳಿಯುತ್ತವೆ, ಸೂಜಿಯಂಥ ಹಸಿರು ಮೊಳಕೆ ಮೇಲೇಳುತ್ತದೆ. ತೊರೆಯ ದಂಡೆಯಲ್ಲಿ ಬಾಗಿದ ಕಡ್ಡಿ ನೀರಿಗೆ ತಲೆಯಿಟ್ಟಾಗ ಆಗುವುದೂ ಇದೇ. ಅದಕ್ಕೇ ಇದನ್ನು ಕೆರೆ, ಹಳ್ಳಗಳ ಹತ್ತಿರ ನೆಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಇದು ತೋಟ ದಾಟಿ ತೊರೆದಂಡೆ ಹಿಡಿದಿದೆ.

ಹೊರಡುವ ದಿನ ಅಮ್ಮ ತಾನಾಗಿ ಎರಡು ಕೊಡೆ ಕೇಳಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ತಿಂಗಳಾದ ಮೇಲೆ ಫೋನ್ ಮಾಡಿದಳು: “ಬೇರು ಬಿಡ್ತು ಕಣೋ. ಕೊಟ್ಟಿಗೇಲಿ ದನ ನೀರು ಕುಡೀತಿದ್ದ ಕಲ್ಲುಮರಿಗೆ ಖಾಲಿ ಬಿದ್ದಿತ್ತಲ್ಲ, ಅದರಲ್ಲಿ ಇಟ್ಟಿದೀನಿ. ಗದ್ದೆ ಕಡೆ ಮಾತ್ರ ಒಂದು ಎಸಳೂ ಹೋಗಕೆ ಬಿಡಲ್ಲ.”