ತನ್ನನ್ನೇ ಕತ್ತರಿಸಿಕೊಳ್ಳುವ ಆರ್.ಎನ್.ಎ.

‘ಕಿಣ್ವಗಳೆಲ್ಲವೂ ಪ್ರೋಟೀನುಗಳು. ಸರಿಯೋ ತಪ್ಪೋ?’ ಎಂದು ಕೇಳಿದರೆ ನಮ್ಮ ಮಕ್ಕಳು ಯೋಚಿಸದೆ ‘ಸರಿ’ ಎನ್ನುತ್ತಾರೆ. ಪಿ.ಯು.ಸಿ. ಪುಸ್ತಕದಲ್ಲಿ ‘ಬಹುತೇಕ’ ಎಂಬ ಮಾತೊಂದಿದೆ. ಓದುವ ಭರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಮಕ್ಕಳನ್ನು ದೂರಿ ಫಲವಿಲ್ಲ. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ ಅದು ಪ್ರೋಟೀನೆಂದು ತೋರಿಸಿದರು. ಅಲ್ಲಿಂದ ಅರ್ಧ ಶತಮಾನ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. 1982ರಲ್ಲಿ ಥಾಮಸ್ ಚೆಕ್ ಅವರ ತಂಡ, ಟೆಟ್ರಹೈಮೆನಾ ಎಂಬ ಏಕಕೋಶ ಜೀವಿಯ ಆರ್.ಎನ್.ಎ. ಪ್ರೋಟೀನಿನ ಹಂಗಿಲ್ಲದೆ ತನ್ನೊಳಗಿನ ತುಂಡೊಂದನ್ನು ತಾನೇ ಕತ್ತರಿಸಿ ಹಾಕುವುದನ್ನು ಕಂಡಿತು. ಇಂಥ ಆರ್.ಎನ್.ಎ. ಕಿಣ್ವಕ್ಕೆ ‘ರೈಬೋಜೈಮ್’ ಎಂದು ಹೆಸರಾಯಿತು. ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಅವರಿಗೆ 1989ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ನನಗೆ ಅಚ್ಚುಮೆಚ್ಚಿನದು 1986ರಲ್ಲಿ ಪತ್ತೆಯಾದ ‘ಹ್ಯಾಮರ್‌ಹೆಡ್’ ರೈಬೋಜೈಮ್. ಬೆಣ್ಣೆಹಣ್ಣಿನ ಗಿಡಕ್ಕೆ ರೋಗ ತರುವ ವೈರಾಯ್ಡ್‌ನಲ್ಲಿ ಅದಿದೆ. ಈ ವೈರಾಯ್ಡ್‌ನ ಪ್ರತಿಗಳು ಅಂಗಡಿಯಲ್ಲಿ ತೂಗುಹಾಕಿದ ಶಾಂಪೂ ಪೊಟ್ಟಣಗಳ ಸರದಂತೆ ಒಂದಕ್ಕೊಂದು ಅಂಟಿಕೊಂಡೇ ತಯಾರಾಗುತ್ತವೆ. ಅವನ್ನು ಬಿಡಿಸುವ ಕತ್ತರಿ ಆ ಸರದೊಳಗೇ ಇದೆ!

ಮೂರು ಜೋಡಿಯೆಳೆಯ ತೋಳುಗಳು, ನಡುವೆ ಒಂದು ಕೀಲು. ಕಾಗದದ ಮೇಲೆ ಬರೆದರೆ ಸುತ್ತಿಗೆಯ ತಲೆಯಂತೆ ಕಾಣುತ್ತದೆ. ಕತ್ತರಿಯ ಅಲಗು ಯಾವುದು? ಆರ್.ಎನ್.ಎ.ಯ ರೈಬೋಸ್ ಸಕ್ಕರೆಯಲ್ಲಿ, ಡಿ.ಎನ್.ಎ.ಯಲ್ಲಿಲ್ಲದ ಒಂದು ಹೈಡ್ರಾಕ್ಸಿಲ್ ಗುಂಪಿದೆ. ಕೀಲಿನಲ್ಲಿರುವ ಗ್ವಾನೀನ್ ಒಂದು ಅದರ ಪ್ರೋಟಾನನ್ನು ಸೆಳೆದುಕೊಳ್ಳುತ್ತದೆ. ಉಳಿದ ಆಕ್ಸಿಜನ್ ಪಕ್ಕದ ಫಾಸ್ಫರಸ್ ಮೇಲೆ ಎರಗುತ್ತದೆ. ಎದುರು ಬದಿಯ ಬಂಧ ಕಡಿದು ಎಳೆ ತುಂಡಾಗುತ್ತದೆ. ಇದಾಗಬೇಕಾದರೆ ಎರಗುವ ಆಕ್ಸಿಜನ್, ಫಾಸ್ಫರಸ್, ಬಿಟ್ಟುಹೋಗುವ ಆಕ್ಸಿಜನ್ ಮೂರೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ತೊಡಕು ಬಂದದ್ದು ಇಲ್ಲಿಯೇ. 1994 ಮತ್ತು 1995ರಲ್ಲಿ ಎಕ್ಸ್-ಕಿರಣಗಳಿಂದ ಕಂಡ ರಚನೆಗಳಲ್ಲಿ ಆ ಮೂರೂ ಸಾಲಾಗಿ ನಿಂತಿರಲಿಲ್ಲ. ಪ್ರಯೋಗ ಹೇಳುವುದೊಂದು, ಚಿತ್ರ ತೋರಿಸುವುದೊಂದು. ಹತ್ತಾರು ವರ್ಷ ಈ ಜಗ್ಗಾಟ ನಡೆಯಿತು. ಅಧ್ಯಯನದ ಅನುಕೂಲಕ್ಕೆಂದು ತೋಳುಗಳ ತುದಿಯನ್ನು ಕತ್ತರಿಸಿ, ಕೀಲನ್ನಷ್ಟೇ ಉಳಿಸಿಕೊಂಡಿದ್ದರು. 2006ರಲ್ಲಿ ಮಾರ್ಟಿಕ್ ಮತ್ತು ಸ್ಕಾಟ್ ಪೂರ್ಣ ಗಾತ್ರದ ಹ್ಯಾಮರ್‌ಹೆಡ್ಡಿನ ರಚನೆ ತೋರಿಸಿದರು. ಎರಡು ತೋಳುಗಳ ಹೊರಭಾಗಗಳು ಒಂದನ್ನೊಂದು ಹಿಡಿದುಕೊಂಡು ಕೀಲನ್ನು ಬಿಗಿಗೊಳಿಸಿದ್ದವು. ಪರಮಾಣುಗಳು ಸಾಲಿಗೆ ಬಂದಿದ್ದವು! ಈ ಹಿಡಿತವಿದ್ದರೆ ಕತ್ತರಿಸುವ ವೇಗ ಸಾವಿರ ಪಟ್ಟಿನವರೆಗೂ ಹೆಚ್ಚುತ್ತದೆ.

‘ಪರೀಕ್ಷೆಗೆ ಬರದ್ದನ್ನೆಲ್ಲ ಯಾಕೆ ಹೇಳ್ತೀರಿ ಮೇಷ್ಟ್ರೇ?’ ಎಂದು ಕೇಳುವ ತಂದೆ-ತಾಯಂದಿರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ. ಬೇಡವೆಂದು ಕತ್ತರಿಸಿ ಎಸೆದ ತುದಿಯಲ್ಲೇ ಉತ್ತರವಿತ್ತು. ಮಕ್ಕಳ ಓದಿನಲ್ಲಿ ಯಾವುದನ್ನು ಕತ್ತರಿಸಬೇಕೆಂದು ತೀರ್ಮಾನಿಸುವ ಮೊದಲು ನಾವು, ನೀವು ತುಸು ತಡೆಯೋಣ.