ರಸಬಾಳೆಯ ಪಾಠಕ್ಕೆ ಮೂರೂವರೆ ನಿಮಿಷದ ದನಿ

ಪತ್ರಿಕೋದ್ಯಮ ಓದುವಾಗ ಸುದ್ದಿ ಬರೆಯುವುದನ್ನು ಕಲಿಸಿದ್ದರು. ಮಕ್ಕಳ ಕಿವಿಗೆ ಹೇಗೆ ಹೇಳಬೇಕು ಎಂಬುದನ್ನು ಯಾವ ಸೆಮಿಸ್ಟರ್‌ನಲ್ಲೂ ಕಲಿಸಿರಲಿಲ್ಲ. ನಂಜನಗೂಡು, ತಿ. ನರಸೀಪುರ ಕಡೆಯ ಒಂದೆರಡು ಶಾಲೆಗಳ ಮೇಷ್ಟ್ರುಗಳು ‘ನಮ್ಮೂರಿನ ವಿಷಯಗಳನ್ನೇ ಕ್ಲಾಸಿನಲ್ಲಿ ಕೇಳಿಸೋಣ, ರೆಕಾರ್ಡ್ ಮಾಡಿಕೊಡಿ’ ಎಂದ ಮೇಲೆ ನಮ್ಮ ಕಲಿಕೆ ಶುರುವಾಯಿತು.

ಜಿಲ್ಲೆಗೆ ಇದು ಹೊಸದೇನಲ್ಲ. 1935ರಲ್ಲೇ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದ್ದರು. ಆ ಕೇಂದ್ರದ ಹೆಸರೇ ‘ಆಕಾಶವಾಣಿ’. ಶಾಲೆಯ ರೇಡಿಯೋದಲ್ಲಿ ‘ಕೇಳಿ ಕಲಿ’ ಕೇಳಿದ ನೆನಪು ನಮ್ಮಲ್ಲಿ ಕೆಲವರಿಗಿದೆ.

ಸ್ಟುಡಿಯೋ ಇಲ್ಲದೆಯೂ ಕೆಲಸ ಆಗುತ್ತದೆ. ಫ್ಯಾನ್ ಆರಿಸಿ, ಬಾಗಿಲು ಕಿಟಕಿಗೆ ಕಂಬಳಿ ಇಳಿಬಿಟ್ಟರೆ ಮನೆಯ ನಡುಕೋಣೆ ಸಾಕು. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ಇಲ್ಲವಾದರೆ ‘ಪ’, ‘ಭ’ ಬಂದಾಗಲೆಲ್ಲ ಉಸಿರು ಗುದ್ದುತ್ತದೆ. ಮಾತು ಶುರುವಾಗುವ ಮೊದಲು ಹತ್ತು ಸೆಕೆಂಡು ಸುಮ್ಮನೆ ರೆಕಾರ್ಡ್ ಮಾಡಿ. ಉಚಿತ ತಂತ್ರಾಂಶ ಆಡಾಸಿಟಿಗೆ ಆ ಹತ್ತು ಸೆಕೆಂಡನ್ನು ತೋರಿಸಿದರೆ, ಅದೇ ಗುಂಯ್ ಸದ್ದನ್ನು ಉಳಿದ ಕಡೆಯೂ ತಗ್ಗಿಸುತ್ತದೆ. ವೇವ್ ಕಡತ ಮಾನೋದಲ್ಲೂ ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ. ಅದನ್ನೇ 64 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಅರ್ಧ ಎಂಬಿ. ಮೇಷ್ಟ್ರ ಮೊಬೈಲಿಗೆ ಸಲೀಸಾಗಿ ಹೋಗುತ್ತದೆ.

ಕಷ್ಟ ಎದುರಾದದ್ದು ಮಾತಿನಲ್ಲಿ. ನಂಜನಗೂಡು ರಸಬಾಳೆಯ ಪಾಠಕ್ಕೆ ಹಿರಿಯ ರೈತರೊಬ್ಬರನ್ನು ಮಾತಾಡಿಸಿದೆ. ಪನಾಮ ಸೊರಗು ರೋಗ ಮಣ್ಣಿನ ಶಿಲೀಂಧ್ರದಿಂದ ಬರುತ್ತದೆ, ಒಮ್ಮೆ ಸೇರಿದರೆ ವರ್ಷಗಟ್ಟಲೆ ನೆಲದಲ್ಲೇ ಉಳಿಯುತ್ತದೆ. ಇದು ಪುಸ್ತಕದ ಮಾತು. ಅವರು ಹೇಳಿದ್ದು: “ಒಂದ್ಸಲ ಬಂತು ಅಂದ್ರೆ ತೋಟವೇ ಹೋಯ್ತು ಕನಪ್ಪ. ಅದ್ಕೇ ಬೆಳೆಯೋದ್ನೇ ಬುಟ್ಬುಟ್ಟೊ.” ಆಮೇಲೆ ನಾಲ್ಕು ಸೆಕೆಂಡು ಮೌನ.

ಕರಡು ಕೇಳಿದ ಮೇಷ್ಟ್ರು, “ಈ ಕನಪ್ಪ, ಬುಟ್ಬುಟ್ಟೊ ಎಲ್ಲ ತೆಗೀರಿ. ಮಕ್ಕಳು ಶುದ್ಧ ಕನ್ನಡ ಕಲೀಬೇಕು. ನಡುವೆ ಖಾಲಿ ಬೇರೆ ಇದೆ” ಅಂದರು. ಅವರ ಆತಂಕ ಸುಳ್ಳಲ್ಲ. ಪರೀಕ್ಷೆಯಲ್ಲಿ ‘ಬುಟ್ಬುಟ್ಟೊ’ ಎಂದು ಬರೆದರೆ ಅಂಕ ಸಿಗುವುದಿಲ್ಲ. ಆದರೆ ಇದೇ ತಾಲ್ಲೂಕಿನ ದೇವನೂರ ಮಹಾದೇವ ಅವರು ಈ ಸೀಮೆಯ ಆಡುಮಾತಿನಲ್ಲೇ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಪ್ರಶಸ್ತಿ ಪಡೆದ ಮಾತು ತರಗತಿಗೆ ಬರಬಾರದೇ?

ಹಾಗಾಗಿ ರೈತರ ಮಾತನ್ನು ಮುಟ್ಟದೆ, ಅದರ ಹಿಂದೆ ನಿರೂಪಕಿಯ ದನಿಯಲ್ಲಿ ಪುಸ್ತಕದ ವಿವರ ಸೇರಿಸಿದೆವು. ಮೌನವನ್ನೂ ಕತ್ತರಿಸಲಿಲ್ಲ. ಮಕ್ಕಳಿಗೆ ಯೋಚಿಸಲು ಅಷ್ಟು ಹೊತ್ತು ಬೇಕೇ ಬೇಕು.

ತಿ. ನರಸೀಪುರ ಕಡೆಯ ಶಾಲೆಯಲ್ಲಿ ಕೇಳಿಸಿದಾಗ ತರಗತಿ ಮೊದಲು ಗೊಳ್ಳೆಂದು ನಕ್ಕಿತು. ಯಾಕೆ ನಕ್ಕಿರಿ ಎಂದು ಮೇಷ್ಟ್ರು ಕೇಳಿದರು. “ನಾವು ಮನೇಲಿ ಹಿಂಗೇ ಮಾತಾಡದು ಸಾ” ಅಂದ ಒಬ್ಬ. ಇನ್ನೊಬ್ಬಳು, “ಮಣ್ಣಿಗೆ ಔಸ್ದಿ ಹಾಕಿದ್ರೆ ಹೋಗಲ್ವಾ ಸಾ?” ಎಂದಳು. ಮುಂದಿನ ಅರ್ಧ ಗಂಟೆ ಆ ಪ್ರಶ್ನೆಯ ಮೇಲೆಯೇ ಪಾಠ ನಡೆಯಿತು.

ಶುದ್ಧ ಕನ್ನಡದ ಬಗ್ಗೆ ಮೇಷ್ಟ್ರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೂ ಮುಂದಿನ ಪಾಠಕ್ಕೆ ಕಾವೇರಿ, ಕಪಿಲೆ ಕೂಡುವಲ್ಲಿ ತೆಪ್ಪ ಹಾಕುವವರನ್ನು ಮಾತಾಡಿಸಿ ಎಂದು ಅವರೇ ಹೇಳಿ ಕಳಿಸಿದ್ದಾರೆ.